ಗೋಡೆಯ ಆಚೆ ತಲೆ, ಈಚೆ ಪೆಡಲ್ಲು

ದೀಪ ಸ್ವಲ್ಪ ಸಣ್ಣ ಮಾಡಿ, ಹೇಳ್ತೀನಿ. ನಗೋರು ಈಗಲೇ ನಕ್ಕು ಮುಗಿಸಿಬಿಡಿ.

ಇದು ನಡೆದದ್ದು ನನ್ನ ಚಿಕ್ಕಮ್ಮನ ಹೆಣ್ಣುಮಕ್ಕಳಿಗೆ. ಅಕ್ಕ, ತಂಗಿ, ಇಬ್ಬರೂ ಅಮ್ಮನ ಹಾಗೇ ಬಟ್ಟೆ ಹೊಲಿಯುವವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಚಿಕ್ಕಮ್ಮ ತೀರಿಕೊಂಡ ಮೇಲೆ ಅವಳ ಹಳೇ ಹೊಲಿಗೆ ಮಿಷನ್ ತನಗೇ ಬೇಕು ಅಂತ ಇಬ್ಬರೂ ಪಟ್ಟು ಹಿಡಿದರು. ಕೊನೆಗೆ ಏನು ಮಾಡಿದರು ಗೊತ್ತಾ? ಬೆಲ್ಟ್ ಬಿಚ್ಚಿ ಮಿಷನ್ನಿನ ತಲೆಯನ್ನು ಅಕ್ಕ ಹೊತ್ತುಕೊಂಡು ಹೋದಳು, ಪೆಡಲ್ಲಿನ ಸ್ಟ್ಯಾಂಡನ್ನು ತಂಗಿ ಎಳೆದುಕೊಂಡು ಹೋದಳು! ಇಬ್ಬರಿಗೂ ದಕ್ಕಲಿಲ್ಲ. ಮಾತೂ ನಿಂತಿತು.

ಅವತ್ತು ರಾತ್ರಿ ಅಕ್ಕ ಗುಜರಿಯವನ ಹತ್ತಿರ ಹೋಗಿ, ಬೆಳಗ್ಗೆ ಬಂದು ಆ ತಲೆ ತಗೊಂಡು ಹೋಗು ಅಂತ ಹೇಳಿ ಬರುತ್ತಿದ್ದಳು. ತನಗಿಲ್ಲದ್ದು ತಂಗಿಗೂ ಬೇಡ ಅನ್ನುವ ಹೊಟ್ಟೆಕಿಚ್ಚು. ಮನೆ ಹತ್ತಿರದ ಬಾವಿ ದಾಟಿದಳು... ಕಿವಿ ನೆಟ್ಟಗಾಯಿತು.

ಕೀಂಯ್ಕ್... ಕೀಂಯ್ಕ್... ಟಕಟಕಟಕಟಕ.

ಅದೇ ಪೆಡಲ್ಲು. ಎಷ್ಟು ಎಣ್ಣೆ ಬಿಟ್ಟರೂ ಕಿರುಗುಟ್ಟುತ್ತಿದ್ದ ಪೆಡಲ್ಲು. ಆಮೇಲೆ... ಪಟ್! ಹಲ್ಲಿನಿಂದ ನೂಲು ಕಡಿದ ಸದ್ದು. ಚಿಕ್ಕಮ್ಮ ಕತ್ತರಿ ಹುಡುಕುತ್ತಲೇ ಇರಲಿಲ್ಲ, ಅವಳಿಗೆ ಹಲ್ಲೇ ಕತ್ತರಿ. ಮಕ್ಕಳಿಗೆ ಆ ಅಭ್ಯಾಸ ಇಲ್ಲ.

ಅಕ್ಕನಿಗೆ ಹೆದರಿಕೆ ಆಗಲಿಲ್ಲ, ಮೈ ಉರಿಯಿತು. ಕಳ್ಳಿ! ನಾನು ಆಚೆ ಹೋಗಿದ್ದೇ ತಡ, ಬೀಗ ಮುರಿದು ತಲೆ ಹೊತ್ತುಕೊಂಡು ಹೋಗಿ ಜೋಡಿಸಿದ್ದಾಳೆ ಅಂದುಕೊಂಡಳು. ದಡದಡ ಬಂದು ನೋಡಿದರೆ... ತಂಗಿ ಇವಳ ಬಾಗಿಲಿಗೇ ಕಿವಿ ಕೊಟ್ಟು ನಿಂತಿದ್ದಾಳೆ. ಬೀಗ ಹಾಕಿದ ಹಾಗೇ ಇದೆ.

"ಇಲ್ಲೇನು ಮಾಡ್ತಿದ್ದೀಯೇ?"

"ಶ್... ನೀನು ಒಳಗಿಲ್ವಾ ಅಕ್ಕಾ?"

"ಒಳಗಿದ್ರೆ ಇಲ್ಲಿ ನಿಂತಿರೋಳು ಯಾರು?"

"ಮತ್ತೆ... ಹೊಲೀತಿರೋದು ಯಾರು?"

ಅಕ್ಕ ನಂಬಲಿಲ್ಲ. ಮೊದಲು ತಂಗಿಯ ಮನೆಗೇ ನುಗ್ಗಿದಳು. ಸ್ಟ್ಯಾಂಡಿನ ಮೇಲೆ ಬಟ್ಟೆಯ ಗಂಟು ಮಾತ್ರ. ಕೆಳಗೆ ಪೆಡಲ್ಲು ಏಳುತ್ತಿದೆ... ಇಳಿಯುತ್ತಿದೆ. ಕೀಂಯ್ಕ್. ಮೇಲೆ ಯಾರ ಕಾಲೂ ಇಲ್ಲ. ಟಕಟಕ ಕೇಳಿಸುತ್ತಿರುವುದು ಗೋಡೆಯ ಆಚೆಯಿಂದ, ಅಕ್ಕನ ಮನೆಯಿಂದ.

ತಂಗಿ ಅಕ್ಕನ ಕೈ ಹಿಡಿದುಕೊಂಡಳು. ಬೀಗ ತೆಗೆದು ಒಳಗೆ ಹೋದರು. ಮಂಚದ ಕೆಳಗೆ ಗೋಣಿಚೀಲದಲ್ಲಿ ತಲೆ ಇತ್ತು. ಚೀಲ ನಡುಗುತ್ತಿತ್ತು. ಅಕ್ಕ ಅದರ ಬಾಯಿ ಬಿಡಿಸಿದಳು. ಸೂಜಿ ಇಳಿಯುತ್ತಿದೆ, ಏರುತ್ತಿದೆ...

"ಕೊಡಲ್ಲಮ್ಮಾ," ಅಂದಳು ಅಕ್ಕ. "ಗುಜರಿಗೆ ಕೊಡಲ್ಲ..."

ಪಟ್!

ಎಲ್ಲ ನಿಂತಿತು.

"ಗುಜರಿಗಾ?" ತಂಗಿ ಕೈ ಕಿತ್ತುಕೊಂಡಳು. "ಅಮ್ಮನ ಮಿಷನ್ನಾ?"

ಅಕ್ಕ ಅಲ್ಲೇ ಕುಸಿದು ಅತ್ತಳು. ತಂಗಿ ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತಲೇ ಪಕ್ಕದಲ್ಲಿ ಕೂತು ತಾನೂ ಅತ್ತಳು.

ಬೆಳಗ್ಗೆ ಗುಜರಿಯವನು ಖಾಲಿ ಗಾಡಿ ತಳ್ಳಿಕೊಂಡು ವಾಪಸ್ ಹೋದ. ಮಿಷನ್ ಜೋಡಿಸೋಕೆ ನನ್ನನ್ನು ಕರೆಸಿದರು. ತಂಗಿಯ ಮನೆಯಲ್ಲೇ ಇರಲಿ ಅಂದದ್ದು ಅಕ್ಕನೇ. ಆದರೂ ಅನುಮಾನ ಎಲ್ಲಿ ಹೋಗುತ್ತೆ? "ಇವಳೇ ಏನೋ ಆಟ ಹೂಡಿದ್ದಾಳೆ" ಅಂತ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಅಕ್ಕ ಆಚೆ ಹೋದ ತಕ್ಷಣ ತಂಗಿಯೂ ಅದೇ ಮಾತು ಹೇಳಿದಳು.

ನಾನು ತಲೆಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬೆಲ್ಟ್ ಹಾಕಿದೆ. ಹೊಸ ನೂಲು ಪೋಣಿಸೋಣ ಅಂತ ಸೂಜಿಯಲ್ಲಿದ್ದ ಹಳೇ ನೂಲು ಎಳೆದೆ. ಸುಳ್ಳಾದರೆ ಕೇಳಿ, ಈ ಎರಡು ಬೆರಳಲ್ಲೇ ಮುಟ್ಟಿದ್ದು... ಕಡಿದ ನೂಲಿನ ತುದಿ ಇನ್ನೂ ಒದ್ದೆಯಾಗಿತ್ತು.