ಬೆಳ್ಳಿ ಒಳಲೆಯ ಮೂತಿ

ಪ್ರಸಾದಕ್ಕೆ ಏಳುವ ಮುಂಚೆ ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ, ಕೇಳಿ. ಯಾವ ಊರು, ಏನು ಹೆಸರು ಎಂದು ಮಾತ್ರ ಕೇಳಬೇಡಿ. ಹೇಳಿದರೆ ‘ಓ, ಅವರ ಮನೆಯ ಸಂಗತಿ’ ಎಂದು ನೀವು ಆರಾಮವಾಗಿ ಕಾಲು ಚಾಚಿಬಿಡುತ್ತೀರಿ.

ಅವನಿಗೆ ಎಲ್ಲವೂ ಇತ್ತು, ಎತ್ತಿಕೊಳ್ಳಲು ಮೊಮ್ಮಗುವೊಂದು ಇರಲಿಲ್ಲ. ಒಂಬತ್ತು ವರ್ಷ ಕಾದ ಮೇಲೆ ಸೊಸೆ ಹೆಣ್ಣುಮಗು ಹೆತ್ತಳು. ಮಗುವಿಗೆ ಆರು ತಿಂಗಳು ತುಂಬಿದ ದಿನ ಶ್ರೀಮಂತ ದೇವರ ಮನೆಯ ಪೆಟ್ಟಿಗೆಯಿಂದ ಬೆಳ್ಳಿ ಒಳಲೆ ತೆಗೆದ. ಒಳಲೆ ಗೊತ್ತಲ್ಲ? ಕೂಸಿನ ಬಾಯಿಗೆ ಹುಯ್ಯುವ, ಉದ್ದ ಮೂತಿಯ ಪುಟ್ಟ ಪಾತ್ರೆ. ಐದು ತಲೆಮಾರಿನ ಕೂಸುಗಳು ಅದರಲ್ಲೇ ಕುಡಿದು ಬೆಳೆದಿದ್ದವು. ಈಗ ಅದರಲ್ಲಿ ತೆಳ್ಳಗೆ ರಾಗಿ ಸರಿ.

ಅದನ್ನು ಬೇರೆ ಯಾರೂ ತೊಳೆಯುವಂತಿಲ್ಲ, ನೋಡಿ. ಗೀರು ಬಿದ್ದರೆ? ಅವನೇ ಹೊರಗಡೆ ವಿಭೂತಿ ಹಚ್ಚಿ ಫಳಫಳ ಉಜ್ಜುತ್ತಿದ್ದ. ಒಳಗೆ ಒಂದಿಷ್ಟು ತಣ್ಣೀರು ಆಡಿಸಿ ಚೆಲ್ಲಿ, ಪಂಚೆಯ ಚುಂಗಿನಲ್ಲಿ ಒರೆಸಿ ದೇವರ ಮುಂದೆ ಇಡುತ್ತಿದ್ದ.

“ಮಾವ, ಒಂದ್ಸಲ ಕುದಿಯೋ ನೀರಿಗೆ ಹಾಕ್ಲಾ?” ಎಂದಳು ಸೊಸೆ.

“ಬೆಳ್ಳಿಗೆಂಥ ಮೈಲಿಗೆ ತಾಯಿ? ಸುಮ್ನಿರು,” ಎಂದ.

ಒಂದು ದಿನ ಮಗುವಿಗೆ ಭೇದಿ ಶುರುವಾಯಿತು. “ಹಲ್ಲು ಬರ್ತಿದೆ, ಹೆದರ್ಕೋಬೇಡ,” ಎಂದ. ಮರುದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಸಿದ. ನಿಂತಿತೇ? ಎಲ್ಲಿ ನಿಲ್ಲುತ್ತದೆ! “ನೀರು ಕುಡಿಸ್ಬೇಡ, ಕುಡಿಸಿದಷ್ಟೂ ಹೋಗುತ್ತೆ,” ಎಂದು ಬೇರೆ ಹೇಳಿದ. ಮೂರನೆಯ ಬೆಳಿಗ್ಗೆ ಮಗು ಅಳಲು ಬಾಯಿ ತೆರೆಯಿತು. ಸದ್ದು ಬಂತು, ಕಣ್ಣೀರು ಬರಲಿಲ್ಲ. ಲಂಗೋಟಿಯಲ್ಲಿ ಹಿಂದಿನ ಸಂಜೆಯಿಂದ ಉಚ್ಚೆಯೇ ಇರಲಿಲ್ಲ.

ಶ್ರೀಮಂತ ಚಪ್ಪಲಿಯನ್ನೂ ಮೆಟ್ಟದೆ, ಎಂದೂ ಕಾಲಿಡದ ಸರ್ಕಾರಿ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಓಡಿದ. ಹಿಂದೆಯೇ ಒಳಲೆ ಹಿಡಿದು ಸೊಸೆ.

ಡಾಕ್ಟರಮ್ಮ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದಳು, ಮಡಿಕೆ ಬೇಗ ಇಳಿಯಲಿಲ್ಲ, ಮೈಯ ನೀರು ಬತ್ತಿತ್ತು. ಓಆರ್‌ಎಸ್ ಪುಡಿ ಕಲಸಿ ಶ್ರೀಮಂತನ ಕೈಗೇ ಕೊಟ್ಟಳು. “ಯಜಮಾನ್ರೇ, ಕೈಗೆ ಸೋಪು ಹಾಕಿ ತೊಳ್ಕೊಂಡು ಬನ್ನಿ. ಚಮಚ ಚಮಚ ಕುಡಿಸ್ತಾ ಇರಿ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ.”

ಆಮೇಲೆ, ಸೊಸೆ ನಡೆದದ್ದೆಲ್ಲ ಹೇಳಿ ಕೊಟ್ಟ ಒಳಲೆಯ ಮೂತಿಗೆ ಪೊರಕೆಕಡ್ಡಿ ತೂರಿಸಿ ಎಳೆದಳು. ಹಸಿರುಗಟ್ಟಿದ ಹಳೆಯ ಸರಿ ಹೊರಗೆ ಬಂತು. ಆ ನಾತಕ್ಕೆ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಹಲ್ಲೂ ಅಲ್ಲ, ದೃಷ್ಟೀನೂ ಅಲ್ಲ. ಇದ್ರಲ್ಲಿರೋ ಬ್ಯಾಕ್ಟೀರಿಯಾ, ವೈರಸ್ಸು. ಕೂಸಿನ ಕುಂಡಿ ತೊಳೆದ ಕೈಗೆ ಮನೇಲಿ ಸೋಪು ಹಾಕ್ತಿದ್ರಾ?”

ಶ್ರೀಮಂತ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದ. ಮೂರು ತಾಸು ಕದಲದೆ ಕೂತು ಕುಡಿಸಿದ. ಆಗ, ನೋಡಿ, ತೊಡೆಯ ಮೇಲೆ ಬಿಸಿಬಿಸಿ ಎನಿಸಿತು. ಜರಿಯಂಚಿನ ಪಂಚೆ ನೆನೆದು ಹೋಗಿತ್ತು! ಅಷ್ಟು ಮಡಿ ಮಡಿ ಎನ್ನುತ್ತಿದ್ದ ಮನುಷ್ಯ ಆಸ್ಪತ್ರೆಯೆಲ್ಲ ಕೇಳುವ ಹಾಗೆ ಕೂಗಿದ: “ಡಾಕ್ಟರಮ್ಮಾ, ಉಚ್ಚೆ ಹೊಯ್ತು! ನನ್ನ ಬಂಗಾರ ಉಚ್ಚೆ ಹೊಯ್ತು!” ಆ ಕೂಗಿಗೆ ಬೆಚ್ಚಿ ಮಗು ಅತ್ತಿತು, ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಆ ಕಣ್ಣೀರು ನೋಡಿ ಮಾವ, ಸೊಸೆ ಇಬ್ಬರೂ ನಕ್ಕರು. ಸದ್ಯ, ಮಗು ಉಳಿಯಿತು.

ಈಗ ನೀವು ಕಾಯುತ್ತಿದ್ದೀರಿ. ಒಳಲೆ ಎಂದರೆ ದೇಹ, ಮೂತಿ ಎಂದರೆ ಮನಸ್ಸು ಎಂದು ಇವರು ಹೇಳುತ್ತಾರೆ, ತಲೆಯಾಡಿಸಿ ಮನೆಗೆ ಹೋಗೋಣ ಎಂದು. ಇಲ್ಲ! ಒಳಲೆ ಎಂದರೆ ಒಳಲೆ. ಸೋಪು ಎಂದರೆ ಸೋಪು. ಮನೆಗೆ ಹೋಗಿ ನಿಮ್ಮ ಒಳಲೆ, ಬಾಟಲಿ, ಚಮಚ ತಿಕ್ಕಿ ಕುದಿಸಿ. ಕುಡಿಯುವ ನೀರು ಕುದಿಸಿ. ಮಗುವಿನ ಮಲ ತೊಳೆದ ಕೈಗೆ ಸೋಪು, ತುತ್ತು ಕಲಸುವ ಮುಂಚೆ ಮತ್ತೆ ಸೋಪು. ಭೇದಿ ತಡೆಯುವ ರೋಟಾವೈರಸ್ ಲಸಿಕೆಯ ಹನಿ ತಪ್ಪಿಸಬೇಡಿ. ಭೇದಿಯಾದರೆ ಎದೆಹಾಲು ಬಿಡಿಸಬೇಡಿ, ನೀರು ತಡೆಯಬೇಡಿ, ಓಆರ್‌ಎಸ್ ಕುಡಿಸಿ. ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ, ರಕ್ತ ಕಂಡರೆ ಹಲ್ಲಿನ ಮಾತು ಸಾಕು, ಆಸ್ಪತ್ರೆಗೆ ಓಡಿ.

ಇನ್ನು ಪ್ರಸಾದಕ್ಕೆ ಏಳುತ್ತೀರಿ. ನಲ್ಲಿಯ ಹತ್ತಿರ ಸೋಪು ಇಡಿಸಿದ್ದೇನೆ. ಒದ್ದೆ ಕೈ ತೋರಿಸದವರಿಗೆ ಬಡಿಸಬೇಡಿ ಎಂದು ಬಡಿಸುವವರಿಗೂ ಹೇಳಿದ್ದೇನೆ. ಬನ್ನಿ, ಮೊದಲು ನಾನು ತೊಳೆಯುತ್ತೇನೆ.