ಕ್ಯಾಲ್ಕುಲೇಟರ್ ತೆರೆಯದ ಒಂಬತ್ತು ವರ್ಷ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಈ ಶಾಲೆಯನ್ನು ಮನೆಯ ಹಾಗೆ ನೋಡಿಕೊಂಡ ನಿವೃತ್ತ ಮುಖ್ಯೋಪಾಧ್ಯಾಯ ಕೇಶವಪ್ರಸಾದ ಸರ್ ಅವರೇ, ಇಂದು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ಕಚೇರಿಯ ಕ್ಲಾರ್ಕ್ ಶಂಕರಿ ಮೇಡಂ ಅವರೇ, ಶಿಕ್ಷಕ ವೃಂದದವರೇ, ಮಡಂತ್ಯಾರಿನ ಈ ಸೆಕೆಯಲ್ಲಿಯೂ ಎದ್ದು ಹೋಗದೆ ಕುಳಿತಿರುವ ಸಹನಾಶೀಲ ಸಭಿಕರೇ,

ನಾನು ಭಾಷಣಕಾರನಲ್ಲ. ನನ್ನ ಹೆಸರು ಶೀನಪ್ಪ. ಬಿ.ಸಿ.ರೋಡಿನಲ್ಲಿ ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಶಾಲಾ ಹಿತೈಷಿಗಳು' ಎಂದು ಅಚ್ಚಾಗಿದೆ. ರಿಪೇರಿಯವನಿಗೆ ಇಂಥ ಪದವಿ ಯಾರು ಕೊಡುತ್ತಾರೆ? ಸಾಮಾನ್ಯವಾಗಿ ನಮ್ಮನ್ನು ಕಂಡರೆ ಜನ ಹೇಳುವುದು ಒಂದೇ ಮಾತು: "ನೀವು ಬಂದು ಹೋದ ಮೇಲೆಯೇ ಇದು ಹೆಚ್ಚು ಹಾಳಾದದ್ದು ಮಾರಾಯ್ರೆ!"

ಶಂಕರಿ ಮೇಡಂ ಮೂವತ್ತೊಂದು ವರ್ಷ ಇಲ್ಲಿ ದುಡಿದರು. ಅವರ ಪ್ರಾಮಾಣಿಕತೆಯ ಬಗ್ಗೆ ಹಿಂದಿನವರು ಹೇಳಿದ್ದಾರೆ, ಅವರ ಅಕ್ಷರದ ಬಗ್ಗೆಯೂ ಹೇಳಿದ್ದಾರೆ. ನನಗೆ ಉಳಿದಿರುವುದು ಅವರ ಕಂಪ್ಯೂಟರ್ ಮಾತ್ರ. ಆದ್ದರಿಂದ ಅದರ ಬಗ್ಗೆಯೇ ಎರಡು ಮಾತು.

ಒಂಬತ್ತು ವರ್ಷದ ಹಿಂದೆ ಕಚೇರಿಗೆ ಹೊಸ ಕಂಪ್ಯೂಟರ್ ಬಂತು. ಜೋಡಿಸಲು ಬಂದವನು ನಾನು. ಯಾರ ಹೆಸರಿನಲ್ಲಿ ಖಾತೆ ತೆರೆಯಬೇಕು ಎಂದು ಕೇಳಿದೆ. ಕೇಶವಪ್ರಸಾದ ಸರ್ ಕನ್ನಡಕ ತೆಗೆದು ಹೇಳಿದರು, "ವ್ಯಕ್ತಿಯ ಹೆಸರು ಬೇಡ ಶೀನಪ್ಪ. ಜನ ಬರ್ತಾರೆ, ಹೋಗ್ತಾರೆ. ಹುದ್ದೆಯ ಹೆಸರು ಹಾಕಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಹುದ್ದೆ ಯಾವುದುಂಟು?" ಅಡ್ಮಿನಿಸ್ಟ್ರೇಟರ್ ಎಂಬುದು ಉಂಟು ಸರ್ ಎಂದೆ. "ಹಾಗಾದರೆ ಅದನ್ನೇ ಹಾಕುವ." ಹಾಕಿದೆವು. ಸರ್ ನಗುತ್ತಿದ್ದಾರೆ, ಅವರಿಗೆ ನೆನಪುಂಟು.

ಈಗ ನೋಡಿ ತಮಾಷೆ. ಆ ದೊಡ್ಡ ಹೆಸರಿನಲ್ಲಿ ಒಳಗೆ ಹೋದರೆ ಬೇರೆಲ್ಲ ಸಿಗುತ್ತದೆ. ಆದರೆ ಕಂಪ್ಯೂಟರಿನ ಜೊತೆಗೇ ಬಂದ ಸಣ್ಣ ಸಣ್ಣ ಪ್ರೋಗ್ರಾಮುಗಳು, ಕ್ಯಾಲ್ಕುಲೇಟರ್, ಫೋಟೋ ನೋಡುವಂಥದ್ದು, ಅವು ತೆರೆಯುವುದಿಲ್ಲ. ಒತ್ತಿದರೆ ಒಮ್ಮೆ ಮಿಣುಕಿ ಮಾಯ. ಯಜಮಾನನಿಗೇ ಅಡುಗೆಮನೆಗೆ ಪ್ರವೇಶ ಇಲ್ಲ ಎಂದ ಹಾಗೆ.

ಮೇಡಂ ಫೋನ್ ಮಾಡಿದರು. "ಶೀನಪ್ಪನವರೇ, ಕ್ಯಾಲ್ಕುಲೇಟರ್ ಓಪನ್ ಆಗುದಿಲ್ಲ. ಮಕ್ಕಳ ಪರ್ಸೆಂಟೇಜ್ ತೆಗೀಬೇಕಿತ್ತು. ಪುರ್ಸೊತ್ತುಂಟಾ?"

ಪುರುಸೊತ್ತು ಇತ್ತು. ಬಸ್ಸು ಹತ್ತಿ ಬಂದೆ. ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ ನೀರು ಕೊಡದೆ ಮಾತು ಶುರು ಮಾಡುವ ಕ್ರಮ ಮೇಡಂ ಅವರಲ್ಲಿ ಇಲ್ಲ. ಕಡತಗಳ ಕಪಾಟಿನಲ್ಲಿ, ವರ್ಗಾವಣೆ ಪತ್ರಗಳ ಪಕ್ಕದಲ್ಲಿ, ಬೆಲ್ಲದ ಬಾಟಲಿ ಇರುತ್ತಿತ್ತು. ಕುಡಿದೆ. ಪ್ರೋಗ್ರಾಮನ್ನು ತೆಗೆದು ಪುನಃ ಹಾಕಿದೆ, ಒಂದು ಸೆಟ್ಟಿಂಗ್ ಬದಲಿಸಿದೆ, ತೆರೆಯಿತು. ತಿಂಗಳೊಂದು ಕಳೆಯಿತು, ಅಪ್‌ಡೇಟ್ ಬಂತು, ಪುನಃ ಮುಚ್ಚಿತು. ಪುನಃ ಫೋನ್. "ಈ ಸಲ ಫೋಟೋ ಓಪನ್ ಆಗುದಿಲ್ಲ. ಹಳೆ ವಿದ್ಯಾರ್ಥಿನಿ ಹಸ್ನಾ ಬಂದಿದ್ದಾಳೆ, ಗ್ರೂಪ್ ಫೋಟೋ ಬೇಕಂತೆ." ಪುನಃ ಬಸ್ಸು, ಪುನಃ ಬೆಲ್ಲ ನೀರು.

ಹೀಗೆ ಎಷ್ಟು ವರ್ಷ? ಒಂಬತ್ತು ವರ್ಷ.

ಸಭಿಕರೇ, ಕಂಪ್ಯೂಟರ್ ಬಲ್ಲ ಮೇಷ್ಟ್ರುಗಳು ಕೆಲವರು ಹುಬ್ಬು ಏರಿಸುತ್ತಿದ್ದೀರಿ. ನಿಮ್ಮ ಪ್ರಶ್ನೆ ನನಗೆ ಗೊತ್ತು. ಇನ್ನೊಂದು ಸಾಧಾರಣ ಹೆಸರಿನಲ್ಲಿ ಹೊಸ ಖಾತೆ ಮಾಡಿಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ? ಹತ್ತು ನಿಮಿಷದ ಕೆಲಸವಲ್ಲವೇ? ಹೌದು. ಹತ್ತು ನಿಮಿಷದ ಕೆಲಸ. ಎರಡನೆಯ ಸಲ ಬಂದಾಗಲೇ ನನಗೆ ಗೊತ್ತಿತ್ತು. ನಾನು ಮಾಡಲಿಲ್ಲ.

ಇದನ್ನು ಹೇಳಲು ನಾನು ಬಂದದ್ದಲ್ಲ. ಬರೆದು ತಂದ ಕಾಗದದಲ್ಲಿ 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದೆಲ್ಲ ಇದೆ. ಅದು ಇಲ್ಲೇ ಜೇಬಿನಲ್ಲಿದೆ. ಇರಲಿ.

ನನ್ನ ಪಾಲುದಾರ ಮುರಳಿ ಹೇಳುತ್ತಿದ್ದ, "ಅಷ್ಟು ದೂರ ಯಾಕೆ ಹೋಗ್ತೀರಿ? ಅಂಗಡಿಯಲ್ಲೇ ಕೂತು ರಿಮೋಟಿನಲ್ಲಿ ಸರಿ ಮಾಡುವ." ಮಡಂತ್ಯಾರಿನಲ್ಲಿ ನೆಟ್‌ವರ್ಕ್ ಸರಿ ಇಲ್ಲ ಎಂದೆ. ಮಡಂತ್ಯಾರಿನವರು ಕ್ಷಮಿಸಬೇಕು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ. ಪ್ರತಿ ಸಲ ಶಾಲೆಯ ಗೇಟು ದಾಟುವಾಗ ನನ್ನದು ಹಾಗೆಯೇ ಆಗುತ್ತಿತ್ತು. ಆದರೂ ಬರುತ್ತಿದ್ದೆ. ಇಬ್ಬರು ತಂಗಿಯರ ಮದುವೆ ಮುಗಿಯುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ಮುಗಿದಿತ್ತು. ಮೇಡಂ ಅವರದ್ದು ತಾಯಿಯ ಆರೈಕೆಯಲ್ಲಿ ಕಳೆಯಿತು. ನಮ್ಮ ನಡುವೆ ಆದ ಮಾತೆಲ್ಲ ಮಳೆ, ಬಸ್ಸಿನ ರಶ್ಶು, ಅಮ್ಮನ ಮಂಡಿನೋವು, ಇಷ್ಟೇ. ಅದಕ್ಕಿಂತ ಹೆಚ್ಚು ಒಂದಕ್ಷರ ಇಲ್ಲ. ಇಷ್ಟು ಮಾತಿಗೆ ಒಬ್ಬ ಮನುಷ್ಯ ಒಂಬತ್ತು ವರ್ಷ ಕಾಯುತ್ತಾನೆಯೇ ಎಂದು ಕೇಳಿದರೆ, ಕಾಯುತ್ತಾನೆ. ತಿಂಗಳು ದಾಟಿಯೂ ಫೋನ್ ಬಾರದಿದ್ದರೆ ಆ ಕ್ಯಾಲ್ಕುಲೇಟರ್ ಯಾಕಪ್ಪ ಇಷ್ಟು ಗಟ್ಟಿಯಾಯಿತು ಎಂದು ಬೇಸರಪಡುತ್ತಾನೆ.

ಕಳೆದ ಬುಧವಾರ ಬಂದೆ. ಅಧಿಕಾರ ಹಸ್ತಾಂತರಕ್ಕೆ ಮುಂಚೆ ಒಮ್ಮೆಯಾದರೂ ಪ್ರಾಮಾಣಿಕವಾಗಿ ರಿಪೇರಿ ಮಾಡಬೇಕೆಂದು ಬಂದೆ. ಮೇಡಂ ರಜೆಯಲ್ಲಿದ್ದರು. ಹೊಸ ಕ್ಲಾರ್ಕ್ ಅಕ್ಷಿತಾ ಇದ್ದರು. ಅವರ ಹೆಸರಿನಲ್ಲಿ ಹೊಸ ಖಾತೆ ಮಾಡುತ್ತೇನೆ ಎಂದೆ. ಆಗ ಅವರು ಕಪ್ಪು ರಟ್ಟಿನ ಡೈರಿಯೊಂದನ್ನು ನನ್ನ ಮುಂದೆ ಇಟ್ಟರು. "ಹೌದು ಸರ್, ಮೇಡಂ ಇದರಲ್ಲಿ ಬರೆದಿಟ್ಟಿದ್ದಾರೆ."

ಮೇಡಂ ಅವರ ದುಂಡು ಅಕ್ಷರ. ಕಚೇರಿಯ ಯಾವ ಕೆಲಸ ಹೇಗೆ ಎಂದು ಪುಟಪುಟವಾಗಿ ಬರೆದಿದ್ದಾರೆ. ಒಂದು ಪುಟದಲ್ಲಿ ಹೀಗಿತ್ತು: 'ಕ್ಯಾಲ್ಕುಲೇಟರ್, ಫೋಟೋ ತೆರೆಯದಿದ್ದರೆ ಅವುಗಳ ದೋಷವಲ್ಲ. ಅಡ್ಮಿನಿಸ್ಟ್ರೇಟರ್ ಬಿಟ್ಟು ಬೇರೆ ಹೆಸರಿನಲ್ಲಿ ಹೊಸ ಖಾತೆ ಮಾಡಿದರೆ ಸಾಕು. ಬೆಳ್ತಂಗಡಿ ತರಬೇತಿಯಲ್ಲಿ ತಿಳಿಸಿದ್ದು.' ಕೆಳಗೆ ಒಂದೊಂದೇ ಹಂತ, ತಪ್ಪಿಲ್ಲದೆ. ತಾರೀಕು 2018ರ ಜೂನ್ ಹದಿನಾಲ್ಕು.

ಅಕ್ಷಿತಾ ಕೇಳಿದರು, "ಸರ್, ಮೇಡಂಗೆ ಆಗಲೇ ಗೊತ್ತಿತ್ತಲ್ಲ? ಮತ್ತೆ ಪ್ರತಿ ಸಲ ನಿಮ್ಮನ್ನು ಯಾಕೆ ಕರೀತಿದ್ರು?"

ಫ್ಯಾನ್ ಸ್ವಲ್ಪ ಜೋರು ಮಾಡಿ ಎಂದೆ. ಹಿಂದೆ ಹೋಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಏಳು ವರ್ಷ, ಮೇಡಂ. ನಿಮಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸಂಕಟ ಆಗುತ್ತದೆ.

ಐದು ನಿಮಿಷ ಆಯಿತು ಎಂದು ನಿರೂಪಕರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ.

ಹೊಸ ಖಾತೆ ಮಾಡಿಯಾಗಿದೆ. ಇನ್ನು ಆ ಕಂಪ್ಯೂಟರ್ ಮೊದಲಿನ ಹಾಗೆ ಕೆಡುವುದಿಲ್ಲ. ನನ್ನನ್ನು ಕರೆಯುವ ಅಗತ್ಯ ಈ ಶಾಲೆಗೆ ಬೀಳುವುದಿಲ್ಲ. ಶಂಕರಿ ಮೇಡಂ ಸೋಮವಾರ ಮೂಡುಬಿದಿರೆಗೆ, ತಂಗಿಯ ಮನೆಯ ಪಕ್ಕದಲ್ಲಿ ವಾಸಕ್ಕೆ ಹೋಗುತ್ತಿದ್ದಾರಂತೆ. ಅಲ್ಲಿ ಕಂಪ್ಯೂಟರ್ ಇಲ್ಲವಂತೆ, ವಿಚಾರಿಸಿದ್ದೇನೆ. ಬಿ.ಸಿ.ರೋಡಿನಿಂದ ಸಿದ್ಧಕಟ್ಟೆ ದಾರಿಯಾಗಿ ಬಸ್ಸುಂಟು.

ಮೇಡಂ, ಇಷ್ಟು ಜನರ ಎದುರು ಕೇಳುವುದು ತಪ್ಪೋ ಏನೋ. ಆದರೆ ಎದುರೆದುರು ಕುಳಿತಾಗ ಒಂಬತ್ತು ವರ್ಷ ಕೇಳಲಿಕ್ಕೆ ಆಗಲಿಲ್ಲ. ಏನೂ ಕೆಡದಿದ್ದರೂ ನಾನು ಒಮ್ಮೆ ಬರಬಹುದೇ?

ಉತ್ತರವನ್ನು ಮೈಕಿನಲ್ಲಿ ಕೊಡಬೇಕೆಂದಿಲ್ಲ. ನನ್ನ ನಂಬರ್ ನಿಮ್ಮಲ್ಲಿ ಉಂಟು. ಹಿತೈಷಿ ಎಂದು ಕರೆದ ಶಾಲೆಗೂ ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞತೆಗಳು.

ನಮಸ್ಕಾರ.