ಗೆದ್ದ ಅರ್ಜಿಯ ವಿರುದ್ಧ ಎರಡು ಮಾತು

ಮಾನ್ಯ ಅಧ್ಯಕ್ಷರೇ, ನಗರಸಭೆಯ ಮಾನ್ಯ ಆಯುಕ್ತರೇ, ವೇದಿಕೆಯ ಮೇಲಿರುವ ಗಣ್ಯರೇ, ಮೊದಲೇ ಬಂದು ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಹಿಡಿದಿರುವ ಹಿರಿಯರೇ, ಫ್ಯಾನು ಸಿಗದ ಕಿರಿಯರೇ, ನನ್ನ ಬೀದಿಯ ಸಭಿಕರೇ,

ನಮ್ಮ ಬಡಾವಣೆಯ ನಿವಾಸಿಗಳ ಸಂಘ ಇಂದು ನನ್ನನ್ನು ಸನ್ಮಾನಿಸುತ್ತಿದೆ. ಯಾವ ಸಾಧನೆಗಾಗಿ? ನಮ್ಮ ಮನೆಯ ಎದುರಿಗಿರುವ ಬಾಡಿಗೆ ಸೈಕಲ್ ನಿಲ್ದಾಣವನ್ನು ಎತ್ತಂಗಡಿ ಮಾಡಿಸಿದ ಸಾಧನೆಗಾಗಿ. ನಾಳೆ ಬೆಳಿಗ್ಗೆ ನಗರಸಭೆಯ ಲಾರಿ ಬಂದು ಸೈಕಲ್‌ಗಳನ್ನೂ ಅವುಗಳನ್ನು ಬೀಗ ಹಾಕಿ ನಿಲ್ಲಿಸುವ ಕಂಬಗಳನ್ನೂ ಕಿತ್ತುಕೊಂಡು ಹೋಗಿ, ಹೆದ್ದಾರಿಯ ಆಚೆ ಮೇಲ್ಸೇತುವೆಯ ಕೆಳಗೆ ನೆಡುತ್ತದೆ. ಸಂಘದ ಅಧ್ಯಕ್ಷರು ಈಗಷ್ಟೇ ನನ್ನನ್ನು ಹೋರಾಟಗಾರ ಎಂದು ಕರೆದರು. ತೆರವಾಗುವ ಜಾಗದಲ್ಲಿ ತಮ್ಮ ಹೊಸ ಕಾರು ನಿಲ್ಲುತ್ತದೆಂದು ಅವರು ಹೀಗೆ ಹೊಗಳಿದರು ಎಂದು ಯಾರೂ ತಿಳಿಯಬಾರದು. ಹಳೆಯ ಕಾರೂ ಅಲ್ಲೇ ನಿಲ್ಲುತ್ತದೆ.

ಸಭಿಕರೇ, ನಾನು ವಕೀಲರೊಬ್ಬರ ಬಳಿ ಗುಮಾಸ್ತನಾಗಿ ಬದುಕು ಕಳೆದವನು. ನ್ಯಾಯಾಲಯದಲ್ಲಿ ಕೈ ಬೀಸುತ್ತಿದ್ದವರು ಅವರು, ಅರ್ಜಿ ಬರೆಯುತ್ತಿದ್ದವನು ನಾನು. ನಿವೃತ್ತನಾದ ಮೇಲೂ ಕೈ ಸುಮ್ಮನಿರಬೇಕಲ್ಲ? ಬೀದಿದೀಪಕ್ಕೆ ಬರೆದೆ, ಚರಂಡಿಗೆ ಬರೆದೆ, ಚರಂಡಿ ಸರಿಮಾಡಿದವರು ಅಗೆದ ಗುಂಡಿಗೆ ಬರೆದೆ. ಮಕ್ಕಳು ನನ್ನನ್ನು ಬೆನ್ನ ಹಿಂದೆ ‘ಅರ್ಜಿ ತಾತ’ ಎನ್ನುತ್ತಾರೆ. ನನಗೆ ಬೇಸರವಿಲ್ಲ. ಕೆಲವರಿಗೆ ಅಷ್ಟೂ ಹೆಸರಿರುವುದಿಲ್ಲ.

ಆದರೆ ಸೈಕಲ್ ನಿಲ್ದಾಣದ ವಿರುದ್ಧ ಬರೆದ ಅರ್ಜಿ ಇದೆಯಲ್ಲ, ಅದು ನನ್ನ ಜೀವಮಾನದ ಕೃತಿ. ಅದರ ಒಂದು ಸಾಲನ್ನು ಹೇಳಲು ಅಪ್ಪಣೆ ಕೊಡಿ: ‘ಯಾರದೋ ಸೈಕಲನ್ನು ಯಾರೋ ಒಯ್ದು ಎಲ್ಲೋ ಬಿಟ್ಟುಹೋಗುವ ಈ ಪದ್ಧತಿಯು ಕಳ್ಳತನಕ್ಕೆ ಸರ್ಕಾರವೇ ನೀಡುತ್ತಿರುವ ಉಚಿತ ತರಬೇತಿಯಾಗಿರುತ್ತದೆ.’ ಚಪ್ಪಾಳೆ ಬೇಡ. ಮುಂದೆ ನಾಚಿಕೆಯಾಗುವುದು ನನಗೇ.

ಎರಡನೆಯ ದೂರು ಗಂಭೀರವಾದದ್ದು. ಊಟದ ನಂತರ ನನಗೆ ಒಂದು ನಿದ್ದೆ ಬೇಕು. ದಿನವೂ ನಿದ್ದೆ ಗಾಢವಾದ ಹೊತ್ತಿಗೆ ಸರಿಯಾಗಿ ನನ್ನ ಕಿಟಕಿಯ ಕೆಳಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತಿದ್ದರು. ಎದ್ದು, ಕನ್ನಡಕ ಹುಡುಕಿ, ಬಾಗಿಲು ತೆಗೆಯುವಷ್ಟರಲ್ಲಿ ಬೀದಿ ಖಾಲಿ. ಒಮ್ಮೆ ಮಾತ್ರ ಕಿಟಕಿಯಿಂದ ಕಂಡೆ: ತಲೆಗೆ ಹೆಲ್ಮೆಟ್, ಮುಖಕ್ಕೆ ಬಟ್ಟೆ. ‘ಮುಖ ಮರೆಸಿಕೊಂಡ ಸಂಶಯಾಸ್ಪದ ವ್ಯಕ್ತಿ’ ಎಂದು ಅರ್ಜಿಗೆ ಸೇರಿಸಿದೆ. ಸಿಟ್ಟಿನಿಂದ ಒಳಗೆ ಬಂದರೆ ಮನೆಯವಳು ಅಡುಗೆಮನೆಯಲ್ಲಿ ಬಿಸಿ ಬಿಸಿ ಚಹಾ ಹಿಡಿದು ನಿಂತಿರುತ್ತಿದ್ದಳು. ಸ್ವಲ್ಪ ಏದುಸಿರು ಬಿಡುತ್ತಿದ್ದಳು. ಒಲೆಯ ಮುಂದೆ ನಿಂತು ಏದುಸಿರೇ ಎಂದು ಹೆದರಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರಮ್ಮ ಪರೀಕ್ಷಿಸಿ, ಹೃದಯ ಹದಿಹರೆಯದ ಹುಡುಗಿಯದರಂತಿದೆ, ಏನು ಮಾಡುತ್ತಿದ್ದೀರೋ ಅದನ್ನೇ ಮುಂದುವರಿಸಿ ಎಂದರು. ನನ್ನೊಡನೆ ಸಂಸಾರ ಮಾಡುತ್ತಿದ್ದಾಳೆ, ಅದನ್ನೇ ಮುಂದುವರಿಸಲಿ ಎಂದು ನಾನು ಎದೆಯುಬ್ಬಿಸಿದೆ. ಅವರಿಬ್ಬರೂ ಯಾಕೆ ನಕ್ಕರೆಂದು ಆಗ ತಿಳಿಯಲಿಲ್ಲ.

ಕಳೆದ ವಾರ ಆದೇಶ ಬಂತು. ಚಹಾ ಕುಡಿಯುತ್ತಾ ಅವಳಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಅದರಲ್ಲಿ ಚಹಾ ಇನ್ನೂ ಅರ್ಧ ಇತ್ತು. ಮರುದಿನ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಎಚ್ಚರವಾದಾಗ ಸಂಜೆಗತ್ತಲು, ಒಲೆ ತಣ್ಣಗಿತ್ತು. ಅವಳು ಹೊರಗೆ ಮೆಟ್ಟಿಲ ಮೇಲೆ, ನಿಲ್ದಾಣದ ಕಂಬಕ್ಕೆ ಅಂಟಿಸಿದ ತೆರವಿನ ನೋಟಿಸನ್ನು ನೋಡುತ್ತಾ ಕೂತಿದ್ದಳು. ಚಹಾ ಎಲ್ಲಿ ಎಂದೆ. ಅವಳು ತಿರುಗಲೂ ಇಲ್ಲ.

‘ಇನ್ನು ಅಕ್ಕನ ಮನೆಗೆ ನಾನು ಹೇಗ್ರೀ ಹೋಗ್ಲಿ?’ ಅಂದಳು.

ಸಭಿಕರೇ, ಆ ಸಂಶಯಾಸ್ಪದ ವ್ಯಕ್ತಿಯ ಜೊತೆ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಂಸಾರ ಮಾಡಿದ್ದೇನೆ.

ಅವಳ ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿದೆ. ಆ ಮನೆಗೆ ನೇರವಾಗಿ ಹೋಗುವ ಬಸ್ಸಿಲ್ಲ. ನಡೆದರೆ ಇವಳಿಗೆ ಮಂಡಿ ನೋವು. ಹಿಂದೊಮ್ಮೆ, ಕರೆದುಕೊಂಡು ಹೋಗಿ ಅಂತ ನನ್ನನ್ನು ಕೇಳಿದ್ದಳಂತೆ. ನಾನು ಯಾವುದೋ ಅರ್ಜಿಯಲ್ಲಿ ಮುಳುಗಿ, ನೋಡೋಣ ಅಂದಿದ್ದೆನಂತೆ. ಅವಳು ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಬಾಗಿಲ ಎದುರಿಗೇ ಸೈಕಲ್‌ಗಳು ಬಂದು ನಿಂತವು. ನಡೆದರೆ ನೋಯುವ ಮಂಡಿ ಪೆಡಲ್ ತುಳಿದರೆ ನೋಯುತ್ತಿರಲಿಲ್ಲ. ಫೋನು ತೋರಿಸಿದರೆ ಬೀಗ ತೆರೆಯುತ್ತದೆ, ಅಕ್ಕನ ಬೀದಿಯ ನಿಲ್ದಾಣದಲ್ಲಿ ಬಿಟ್ಟರೆ ಆಯಿತು, ಬರುವಾಗ ಇನ್ನೊಂದು. ಹೊಗೆಯಿಲ್ಲ, ಪೆಟ್ರೋಲಿಲ್ಲ, ಗಂಡನ ಬಿಡುವಿಗಾಗಿ ಕಾಯುವುದೂ ಇಲ್ಲ.

ನಿನಗೆ ಸೈಕಲ್ ಬರುತ್ತದೆ ಎಂದು ನನಗೆ ಹೇಳಲೇ ಇಲ್ಲವಲ್ಲ ಎಂದೆ. ನೀವು ಕೇಳಲೇ ಇಲ್ಲವಲ್ಲ ಎಂದಳು. ಚಿಕ್ಕವಳಿದ್ದಾಗ ಸೀಟು ಹಿಡಿದುಕೊಂಡು ಹಿಂದೆ ಓಡಿ ಓಡಿ ಕಲಿಸಿದವಳು ಆ ಅಕ್ಕನೇ. ಈಗ ಅಕ್ಕ ಕಿಟಕಿಯ ಬಳಿ ಕೂತಿರುತ್ತಾಳೆ. ಗಂಟೆ ಕೇಳಿದರೆ ಒಂದು ಕೈ ಮೇಲೆತ್ತುತ್ತಾಳೆ. ನಾನು ಮಲಗಿದ ಮೇಲೆ ಇವಳು ಹೋಗಿ ಅವಳ ತಲೆ ಬಾಚುತ್ತಾಳೆ, ಬೀದಿಯ ಸುದ್ದಿಯೆಲ್ಲ ಹೇಳುತ್ತಾಳೆ, ನನ್ನ ಅರ್ಜಿಗಳ ಸುದ್ದಿಯನ್ನೂ ಹೇಳುತ್ತಾಳಂತೆ. ಅದನ್ನು ಕೇಳುವಾಗ ಮಾತ್ರ ಅಕ್ಕನ ಮುಖದಲ್ಲಿ ನಗು ಬರುತ್ತದಂತೆ. ಆಮೇಲೆ ಓಡೋಡಿ ಬಂದು, ಕಿಟಕಿಯ ಕೆಳಗೆ ಗಂಟೆ ಬಾರಿಸಿ ನನ್ನನ್ನು ಎಬ್ಬಿಸಿ, ಹಿತ್ತಲ ಬಾಗಿಲಿಂದ ಒಳಗೆ ನುಗ್ಗಿ ಚಹಾ ಕೊಡುತ್ತಾಳೆ. ಸ್ವಾಮಿ, ಇಂಥವಳ ಮೇಲೆ ನಾನು ದೂರು ಕೊಟ್ಟಿದ್ದೆ. ಅದೂ ಗೆದ್ದಿದ್ದೆ.

ಅರ್ಜಿ ಹಿಂತೆಗೆದುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮರುದಿನವೇ ನಗರಸಭೆಗೆ ಓಡಿದೆ. ಅಲ್ಲಿನ ಅಧಿಕಾರಿ ನನ್ನದೇ ಅರ್ಜಿಯನ್ನು ತೆಗೆದು ಕೊನೆಯ ಸಾಲಿಗೆ ಬೆರಳಿಟ್ಟರು. ಎದುರಾಳಿ ಪಕ್ಷ ನನ್ನ ಮೇಲೆ ಒತ್ತಡ ಹಾಕಿದರೆ ಎಂದು ದೂರಾಲೋಚನೆ ಮಾಡಿ ನಾನೇ ಬರೆದಿದ್ದೆ: ‘ಮುಂದೆ ಯಾರು ಬೇಡಿಕೊಂಡರೂ, ಸ್ವತಃ ಅರ್ಜಿದಾರನೇ ಬಂದು ಬೇಡಿಕೊಂಡರೂ, ಇದನ್ನು ಮರುಪರಿಶೀಲಿಸಕೂಡದು.’ ಎಂಥ ಬಿಗಿಯಾದ ವಾಕ್ಯ ನೋಡಿ. ಅಧಿಕಾರಿ ಕೈಮುಗಿದು, ಇದರಲ್ಲಿ ತೂರಲು ಸಂದೇ ಇಲ್ಲ ಸಾರ್, ಆಯುಕ್ತರೇ ಮನಸ್ಸು ಮಾಡಬೇಕು ಅಂದರು. ಆಯುಕ್ತರನ್ನು ನೋಡಲು ಹೋದರೆ ಅವರು ಸಭೆಯಲ್ಲಿದ್ದರು. ಮರುದಿನವೂ ಸಭೆಯಲ್ಲಿದ್ದರು. ಇವತ್ತೂ ಸಭೆಯಲ್ಲಿದ್ದಾರೆ, ಆದರೆ ಈ ಸಭೆಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಮೈಕು ನನ್ನ ಕೈಯಲ್ಲಿದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಮಯವಾಯಿತು ಎಂದಿರಬೇಕು. ಕನ್ನಡಕ ಕೆಳಗಿದೆ, ಆಮೇಲೆ ಓದುತ್ತೇನೆ.

ಮಾನ್ಯ ಆಯುಕ್ತರೇ, ಸೈಕಲ್ ನಗರಕ್ಕೆ ಒಳ್ಳೆಯದು, ಗಾಳಿಗೆ ಒಳ್ಳೆಯದು ಎಂದು ನಿಮ್ಮ ಗೋಡೆಗಳ ಮೇಲೆಲ್ಲ ಬರೆಸಿದ್ದೀರಿ. ನಾನು ಒಂದನ್ನೂ ನಂಬಿರಲಿಲ್ಲ, ಈಗಲೂ ಪೂರ್ತಿ ನಂಬಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಆ ಹೆದ್ದಾರಿಯನ್ನು ಗಟ್ಟಿ ಕಾಲಿನವರೇ ಉಸಿರು ಬಿಗಿಹಿಡಿದು ದಾಟುತ್ತಾರೆ. ಮೇಲ್ಸೇತುವೆಯ ಕೆಳಗೆ ಹೋಗಿ ಸೈಕಲ್ ತರುವುದು ಅವಳ ಕೈಲಾಗದು. ನಾಳೆಯಿಂದ ಒಬ್ಬಳು ಕಿಟಕಿಯ ಬಳಿ ಕಾಯುತ್ತಾಳೆ, ಒಬ್ಬಳು ಮೆಟ್ಟಿಲ ಮೇಲೆ ಕೂರುತ್ತಾಳೆ. ಸನ್ಮಾನ ಮಾತ್ರ ನನಗೆ. ಈ ಫಲಕವನ್ನು ನಾನು ಹೇಗೆ ಮನೆಯೊಳಗೆ ತೆಗೆದುಕೊಂಡು ಹೋಗಲಿ? ಎಲ್ಲಿ ತೂಗುಹಾಕಲಿ? ಅಧ್ಯಕ್ಷರೇ, ಸಿಟ್ಟಾಗಬೇಡಿ, ನಿಮ್ಮ ಎರಡೂ ಕಾರುಗಳನ್ನು ನಮ್ಮ ಗೇಟಿನೊಳಗೆ ನಿಲ್ಲಿಸಿ. ಅಂಗಳದಲ್ಲಿ ಒಣಗಿದ ಕುಂಡಗಳಷ್ಟೇ ಇವೆ, ತೆಗೆದುಬಿಡುತ್ತೇನೆ.

ಮುಂದಿನ ಸಾಲಿನಲ್ಲಿ ನನ್ನ ಮನೆಯವಳಿಗೆಂದು ಕಾದಿರಿಸಿದ ಕುರ್ಚಿ ಖಾಲಿಯಿರುವುದನ್ನು ಎಲ್ಲರೂ ನೋಡುತ್ತಿದ್ದೀರಿ. ಇವತ್ತು ಕೊನೆಯ ದಿನ ತಾನೇ, ಅಕ್ಕನಿಗೆ ಹೇಳಿ ಬರುತ್ತೇನೆ ಎಂದು ಹೋದಳು. ಇಲ್ಲ, ಇಲ್ಲ, ಬಂದಳು. ಹಿಂದಿನ ಬಾಗಿಲಲ್ಲಿ ನಿಂತಿದ್ದಾಳೆ. ಹೆಲ್ಮೆಟ್ಟನ್ನು ಕೂಡ ತೆಗೆದಿಲ್ಲ. ದಯವಿಟ್ಟು ಎಲ್ಲರೂ ಒಟ್ಟಿಗೆ ತಿರುಗಿ ನೋಡಬೇಡಿ, ನಾಚಿಕೊಳ್ಳುತ್ತಾಳೆ.

ಕರೆದು ಗೌರವಿಸಿದ ಸಂಘಕ್ಕೂ, ಇಷ್ಟು ಹೊತ್ತು ಸಹಿಸಿದ ನಿಮಗೂ ವಂದನೆ. ಕೊನೆಯ ಮಾತು ನನ್ನದಲ್ಲ. ಆದೇಶವನ್ನು ಅವಳಿಗೆ ಒಮ್ಮೆ ಓದಿ ಹೇಳಿದ್ದೇನೆ, ಇನ್ನೊಮ್ಮೆ ನನ್ನಿಂದಾಗದು. ಆಯುಕ್ತರೇ, ಮೈಕು ಹಿಡಿಯಿರಿ. ನಾಳೆ ಬಾಗಿಲ ಎದುರು ಸೈಕಲ್ ಇರುತ್ತದೋ ಇಲ್ಲವೋ, ಅಲ್ಲಿ ನಿಂತಿದ್ದಾಳೆ, ಅವಳ ಮುಖ ನೋಡಿಕೊಂಡು ನೀವೇ ಹೇಳಿ. ನಮಸ್ಕಾರ.